ಸಾವಿನ ಮನೆಯಲ್ಲೂ ನಗಿಸುವ ಇತಾಮಿ

ಜಪಾನಿ ಸಿನಿಮಾ ಅಂದರೆ ಎಲ್ಲರೂ ಕುರೊಸಾವಾ, ಓಝು ಅಂತಾರೆ. ನನಗೆ ಜೂಝೊ ಇತಾಮಿ ಹುಚ್ಚು ಜಾಸ್ತಿ. ಅಪ್ಪ ಮಾನ್ಸಾಕು ಇತಾಮಿಯೂ ನಿರ್ದೇಶಕರೇ. ಆದರೆ ಮಗ ನಟನೆ, ಬರವಣಿಗೆ ಅಂತ ಸುತ್ತಾಡಿ ನಿರ್ದೇಶನಕ್ಕೆ ಬರುವಷ್ಟರಲ್ಲಿ ವಯಸ್ಸು ಐವತ್ತು ದಾಟಿತ್ತು.

ಮೊದಲ ಸಿನಿಮಾ 1984ರ 'ಓಸೋಶಿಕಿ', ಅಂದರೆ ಶವಸಂಸ್ಕಾರ. ಕಥೆ ಸಿಕ್ಕಿದ್ದು ಮಾವನ ಸಾವಿನಿಂದ. ಗಂಡ ಹೆಂಡತಿ ಇಬ್ಬರೂ ನಟರು, ಸಾವಿನ ಮನೆಯಲ್ಲಿ ಏನು ಮಾಡಬೇಕು ಅಂತ ಗೊತ್ತಿಲ್ಲ. ಬಂದವರಿಗೆ ಏನು ಹೇಳಬೇಕು ಅನ್ನೋದನ್ನು ವಿಡಿಯೋ ಕ್ಯಾಸೆಟ್ ಹಾಕಿಕೊಂಡು ಕಲಿಯುತ್ತಾರೆ. ಪುರೋಹಿತರು ರೋಲ್ಸ್ ರಾಯ್ಸ್ ಕಾರಿನಲ್ಲಿ ಬಂದಿಳಿಯುತ್ತಾರೆ! ಯಾರೂ ಜೋಕ್ ಹೊಡೆಯುವುದಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಬೇಕು ಅಂತ ಒದ್ದಾಡುವ ಜನರನ್ನು ಇತಾಮಿ ತಣ್ಣಗೆ ನೋಡುತ್ತಾ ಕೂರುತ್ತಾರೆ, ನಮಗೆ ನಗು ತಡೆಯೋಕಾಗಲ್ಲ.

ಮರುವರ್ಷದ 'ಟಂಪೊಪೊ'ದಲ್ಲಿ ಈ ಕಣ್ಣು ಊಟದ ಕಡೆ ತಿರುಗುತ್ತದೆ. ವಿಧವೆಯೊಬ್ಬಳ ರಾಮೆನ್ (ಜಪಾನಿನ ಸೂಪ್ ನೂಡಲ್ಸ್) ಅಂಗಡಿಯನ್ನು ಲಾರಿ ಡ್ರೈವರ್ ಒಬ್ಬ ಉದ್ಧಾರ ಮಾಡುವ ಕಥೆ, ಥೇಟ್ ಕೌಬಾಯ್ ಸಿನಿಮಾದ ಥರ. ಆದರೆ ಇತಾಮಿಗೆ ಒಂದೇ ಕಥೆಗೆ ಅಂಟಿಕೊಳ್ಳುವ ಹಟವೇ ಇಲ್ಲ, ಕ್ಯಾಮೆರಾ ಪಕ್ಕದಲ್ಲಿ ಹೋಗುವ ಯಾರದೋ ಬೆನ್ನು ಹತ್ತಿ ಇನ್ನೆಲ್ಲಿಗೋ ಹೋಗಿಬಿಡುತ್ತದೆ. ಸದ್ದಿಲ್ಲದೆ ಸ್ಪಗೆಟಿ ತಿನ್ನೋದು ಹೇಗೆ ಅಂತ ಮೇಷ್ಟ್ರಮ್ಮ ಪಾಠ ಮಾಡುತ್ತಿದ್ದರೆ, ಅಲ್ಲೇ ಕೂತ ವಿದೇಶಿ ಒಬ್ಬ ಸೊರ್ ಅಂತ ಹೀರುತ್ತಾನೆ. ಆಮೇಲೆ ಇಡೀ ಕ್ಲಾಸೇ ಸೊರ್! ಸಾಯುತ್ತಿರುವ ತಾಯಿ ಎದ್ದು ಅಡುಗೆ ಮಾಡಿ ಬಡಿಸುವ ದೃಶ್ಯವೂ ಇದರಲ್ಲೇ ಇದೆ. ಅಲ್ಲಿ ನಗಬೇಕೋ ಅಳಬೇಕೋ ನನಗಿನ್ನೂ ಗೊತ್ತಾಗಿಲ್ಲ.

1987ರಲ್ಲಿ ತೆರಿಗೆ ಕಳ್ಳರ ಹಿಂದೆ ಬಿದ್ದ ಅಧಿಕಾರಿಣಿಯ ಕಥೆ ಬಂತು. ನಾಯಕಿ ಇಲ್ಲೂ ಹೆಂಡತಿ ನೊಬುಕೊ ಮಿಯಾಮೊಟೊ ಅವರೇ. ನನ್ನ ಪ್ರಕಾರ ಇತಾಮಿಯ ಅರ್ಧ ಬಲ ಆಕೆಯೇ.

1992ರ 'ಮಿನ್ಬೊ' ಮಾತ್ರ ದುಬಾರಿ ಬಿತ್ತು. ಹೋಟೆಲೊಂದನ್ನು ಬೆದರಿಸಿ ದುಡ್ಡು ಕೀಳುವ ಯಾಕುಝಾಗಳು, ಅಂದರೆ ಜಪಾನಿನ ಮಾಫಿಯಾ ಮಂದಿ, ಇದರಲ್ಲಿ ವೀರರೂ ಅಲ್ಲ, ಶೂರರೂ ಅಲ್ಲ. ಕಾನೂನು ತಿಳಿದವರು ಗಟ್ಟಿಯಾಗಿ ನಿಂತರೆ ಬಾಲ ಮುದುರುವ ಪುಂಡರು. ಬಿಡುಗಡೆಯಾದ ಕೆಲವೇ ದಿನಕ್ಕೆ ಯಾಕುಝಾ ಗುಂಪಿನವರು ಇತಾಮಿಯ ಮುಖಕ್ಕೆ ಚಾಕು ಹಾಕಿದರು. ಪೊಲೀಸ್ ಕಾವಲಿನಲ್ಲಿ ಬದುಕಬೇಕಾಯಿತು. ಬೇರೆಯವರಾಗಿದ್ದರೆ ಸುಮ್ನಾಗುತ್ತಿದ್ದರು, ಅಲ್ವಾ? ಇವರು ಆ ಕಾವಲನ್ನೇ ಕಥೆ ಮಾಡಿಕೊಂಡು 1997ರಲ್ಲಿ 'ಮರುತಾಯ್ ನೊ ಒನ್ನಾ' ತೆಗೆದರು. ಅದೇ ಕೊನೆಯದು. ಆ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು, ವಯಸ್ಸು 64. ಆ ಸಾವಿನ ಬಗ್ಗೆ ಅನುಮಾನದ ಮಾತುಗಳು ಇವತ್ತಿಗೂ ನಿಂತಿಲ್ಲ.

ಎಲ್ಲರೂ ಟಂಪೊಪೊದಿಂದ ಶುರು ಮಾಡಿ ಅಂತಾರೆ. ನಾನಂತೂ ಓಸೋಶಿಕಿಯನ್ನೇ ಮೊದಲು ನೋಡಿ ಅಂತೀನಿ.