ಗಂಡು ಎಮು ಕಾವಿಗೆ ಕೂತಿದೆ

ಪುಣೆ, 9 ಫೆಬ್ರವರಿ 2025, ಭಾನುವಾರ

ಇವತ್ತು ಮುಳಶಿ ಕಡೆಯ ಆ ಪುಟ್ಟ ಝೂಗೆ ಮತ್ತೆ ಹೋಗಿದ್ದೆವು. ಒಂದು ರೆಸಾರ್ಟಿನ ಹಿತ್ತಲಲ್ಲಿ ಹಾಕಿದ ಹತ್ತು ಹನ್ನೆರಡು ಪಂಜರಗಳು, ಅಷ್ಟೇ. ಮಗಳು ಚಿಕ್ಕವಳಿದ್ದಾಗ ಅವಳಿಗೆ ಅದೇ ದೊಡ್ಡ ಕಾಡು. 2020ರ ಲಾಕ್‌ಡೌನಿನಲ್ಲಿ ಗೇಟು ಮುಚ್ಚಿತು. ಮತ್ತೆ ತೆರೆದ ಮೇಲೂ ಶಾಲೆಗಳ ಪ್ರವಾಸ ಮೊದಲಿನಂತೆ ಬರಲಿಲ್ಲ. ಈಗ ಜಾಗ ಮಾರಿದ್ದಾರೆ. ಈ ತಿಂಗಳ ಕೊನೆಗೆ ಖಾಲಿ ಮಾಡಬೇಕು.

ಗಿಳಿಗಳನ್ನೂ ನಕ್ಷತ್ರ ಆಮೆಗಳನ್ನೂ ಅರಣ್ಯ ಇಲಾಖೆಯವರು ಮೊದಲೇ ಒಯ್ದಿದ್ದರು. ನಮ್ಮ ದೇಶದ ಗಿಳಿಯನ್ನು ಪಂಜರದಲ್ಲಿ ಇಡುವುದೇ ಕಾನೂನಿಗೆ ವಿರುದ್ಧ. ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲೇ ಬಂದಿದೆ, ಅದರ ಮಾನ್ಯತೆ ಇಲ್ಲದೆ ಝೂ ನಡೆಸುವ ಹಾಗಿಲ್ಲ. ಇವರ ಹತ್ತಿರ ಆ ಕಾಗದ ಇರಲಿಲ್ಲ. ಟಿಕೆಟ್ ತಗೊಂಡು ಒಳಗೆ ಹೋದ ನಾನೂ ಯಾವತ್ತೂ ಕೇಳಲಿಲ್ಲ. ಇದು ನನ್ನನ್ನು ತುಂಬಾ ಕಾಡುತ್ತಿದೆ.

ಮೊಲಗಳು, ಲವ್‌ಬರ್ಡ್‌ಗಳು ಪೇಟೆಯ ಅಂಗಡಿಗೆ ಹೋದವು. ತೊಟ್ಟಿಯ ಆಮೆಗಳನ್ನು ಕೆರೆಗೆ ಬಿಟ್ಟುಬಿಡೋಣ ಎಂದು ಮಾಲೀಕರು ಹೇಳಿದಾಗ ನಾನು ಬೇಡವೇ ಬೇಡ ಅಂದೆ. ಕಿವಿಯ ಹತ್ತಿರ ಕೆಂಪು ಪಟ್ಟೆ ಇರುವ ಈ ಆಮೆಗಳು ಅಮೆರಿಕದವು. ಕೊಳ್ಳುವಾಗ ಅಂಗೈಯಲ್ಲಿ ಹಿಡಿಯುವಷ್ಟು ಇರುತ್ತವೆ, ಆಮೇಲೆ ಊಟದ ತಟ್ಟೆಯಷ್ಟು ಬೆಳೆಯುತ್ತವೆ. ನಮ್ಮ ಕೆರೆಗೆ ಬಿಟ್ಟರೆ ಇಲ್ಲಿನ ಆಮೆಗಳ ಆಹಾರಕ್ಕೂ ಜಾಗಕ್ಕೂ ಕುತ್ತು. ಕೊನೆಗೆ ಅವರು ಒಪ್ಪಿದರು. ನಾಲ್ಕು ಆಮೆಗಳು ಈಗ ನಮ್ಮ ಬಾಲ್ಕನಿಯ ಟಬ್ಬಿನಲ್ಲಿವೆ. ದೊಡ್ಡ ತೊಟ್ಟಿ ಇರುವವರು ಸಿಗುವವರೆಗೆ ಇರಲಿ.

ಪುಣೆ ಮಹಾನಗರ ಪಾಲಿಕೆಯ ಹಳೆಯ ಪೇಶ್ವೆ ಪಾರ್ಕ್ ಝೂ ಮುಚ್ಚಿದಾಗ ಅಲ್ಲಿನ ಪ್ರಾಣಿಗಳಿಗೆ ಕಾತ್ರಜ್‌ನ ದೊಡ್ಡ ಝೂ ಇತ್ತು. 1999ರಲ್ಲಿ ಶುರುವಾದ ಆ ಜಾಗ 130 ಎಕರೆ, ನಡೆಸುವುದು ಅದೇ ಪಾಲಿಕೆ. ಇಲ್ಲಿನ ಪ್ರಾಣಿಗಳಿಗೆ ಇರುವುದು ಅವನ್ನು ನೋಡಿಕೊಳ್ಳುವ ಕಾಕಾ ಒಬ್ಬರೇ.

ಕಾಕಾ ವಿಜಯಪುರ ಜಿಲ್ಲೆಯವರು. ನಾನು ಕನ್ನಡದವಳು ಅಂತ ಗೊತ್ತಾದ ದಿನದಿಂದ ನನಗೆ ಅಕ್ಕಾರ ಅಂತಾರೆ. ಮೂರು ತಿಂಗಳಿಂದ ಸಂಬಳ ಸರಿಯಾಗಿ ಬಂದಿಲ್ಲ. ಆದರೂ ಮಾರ್ಕೆಟ್ ಯಾರ್ಡಿಗೆ ಹೋಗಿ, ವ್ಯಾಪಾರಿಗಳು ಬಿಸಾಡುವ ಎಲೆಕೋಸಿನ ಹೊರ ಎಲೆಗಳನ್ನು ಚೀಲ ತುಂಬಿಸಿ ತರುತ್ತಾರೆ.

ಹಾರಲಾಗದ ದೊಡ್ಡ ಹಕ್ಕಿ ಎಮುಗಳು ನಾಲ್ಕಿದ್ದವು. 2012ರ ಸುಮಾರಿಗೆ ಎಮು ಸಾಕಣೆ ನೆಲಕಚ್ಚಿದಾಗ ಎಷ್ಟೋ ರೈತರು ಮೇವು ಹಾಕಲಾಗದೆ ಅವನ್ನು ಬಿಟ್ಟುಬಿಟ್ಟಿದ್ದರು. ಇವತ್ತಿಗೂ ಎಮು ಬೇಕು ಅನ್ನುವವರು ಕಡಿಮೆ. ಅಂತೂ ಒಬ್ಬ ರೈತರು ಬಂದು ಮೂರನ್ನು ಟೆಂಪೋದಲ್ಲಿ ಒಯ್ದರು. ನಾಲ್ಕನೆಯದು ಮೂಲೆಯಲ್ಲಿ ಕೂತಿತ್ತು, ಏಳಲೇ ಇಲ್ಲ.

“ಗಂಡೈತ್ರೀ ಅದು” ಅಂದರು ಕಾಕಾ. “ಹೆಣ್ಣು ತತ್ತಿ ಇಟ್ಟು ಹೋಗ್ತೈತಿ. ಕಾವು ಕೂಡೂದು ಇದರ ಕೆಲಸ.”

ಹೊಟ್ಟೆಯ ಕೆಳಗೆ ಏಳು ಮೊಟ್ಟೆ. ಕಡು ಹಸಿರು ಬಣ್ಣ, ಒಂದೊಂದೂ ಮಗಳ ಎರಡೂ ಅಂಗೈ ತುಂಬುವಷ್ಟು ದೊಡ್ಡವು. ಸುಮಾರು 56 ದಿನ ಹೀಗೇ ಕೂರುತ್ತದೆ. ದಿನಕ್ಕೆ ಹತ್ತು ಸಲ ಎದ್ದು ಮೊಟ್ಟೆ ಹೊರಳಿಸುತ್ತದೆ, ಮತ್ತೆ ಕೂರುತ್ತದೆ. ಊಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಮೈಯಲ್ಲಿದ್ದ ಕೊಬ್ಬೇ ಕರಗಬೇಕು. ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು.

ಕಾಕಾ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೀಟು ಎಳೆದಿದ್ದಾರೆ. ಮಗಳು ಎಣಿಸಿದಳು. 33. ಅಂದರೆ ಮರಿ ಹೊರಬರುವುದು ಮಾರ್ಚ್ 4ರ ಆಸುಪಾಸು. ಜಾಗ ಬಿಡಬೇಕಾದ್ದು ಫೆಬ್ರವರಿ ಕೊನೆಗೆ.

“ಈಗ ಎಬ್ಬಿಸಿದ್ರ ಪಾಪ ಹತ್ತೈತ್ರೀ ಅಕ್ಕಾರ” ಅಂದರು.

ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದೆ. ಒಂದೇ ಒಂದು ವಾರ ಜಾಸ್ತಿ ಕೊಡಿ ಅಂತ ಬೇಡಿಕೊಂಡೆ. ಜಾಗ ಕೊಂಡವರನ್ನು ಕೇಳಿ ಹೇಳುತ್ತೇನೆ ಅಂದರು. ಇದನ್ನು ಬರೆಯುವ ಹೊತ್ತಿಗೂ ಉತ್ತರ ಬಂದಿಲ್ಲ.

ನಾವು ಹೊರಡುವಾಗ ಕಾಕಾ ಗೋಣಿಚೀಲಗಳನ್ನು ಹೊಲಿದು ಪಂಜರದ ಬಿಸಿಲು ಬೀಳುವ ಕಡೆಗೆ ಕಟ್ಟುತ್ತಿದ್ದರು.