ತಡ್ಪೆಯ ಪಕ್ಕದ ಮೊಬೈಲು

ಆಟಿ ತಿಂಗಳ ಒಂದು ಶನಿವಾರ. ಮಳೆಗೆ ಹೆದರಿ ಹಿಂದಿನ ದಿನ ಕಲೆಕ್ಟರ್ ಶಾಲೆಗಳಿಗೆ ರಜೆ ಕೊಟ್ಟಿದ್ದರು. ನಾನು ಮೇಷ್ಟ್ರು, ರಜೆಗೆ ಖುಷಿಪಟ್ಟವನೇ. ಮರುದಿನ ಬೆಳಗ್ಗೆ ಮಳೆ ಸ್ವಲ್ಪ ಬಿಟ್ಟಿತು ಅಂತ ಉಪ್ಪಳ ಕೈಕಂಬದಲ್ಲಿ ಬಾಯಾರಿಗೆ ಹೋಗುವ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ರೆಕಾರ್ಡರ್, ಎರಡು ಕಾಲರ್ ಮೈಕು. ಅವುಗಳ ಮೇಲೆ ಎರಡು ಸುತ್ತು ಪ್ಲಾಸ್ಟಿಕ್ ತೊಟ್ಟೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಅಜ್ಜಿಗೆ ಪಾಡ್ದನ, ಅಂದರೆ ತುಳುವಿನ ಹಳೆಯ ಕಥೆಹಾಡು, ಬರುತ್ತದಂತೆ. ಅದನ್ನು ನಮ್ಮ ಪಾಡ್‌ಕಾಸ್ಟಿಗೆ ರೆಕಾರ್ಡ್ ಮಾಡಬೇಕಿತ್ತು.

ಪಾಡ್‌ಕಾಸ್ಟ್ ಅಂದರೆ ದೊಡ್ಡ ಸಂಗತಿಯೇನಲ್ಲ. ನಾನು ಇಲ್ಲಿ ಮಾತಾಡುತ್ತೇನೆ, ಗೆಳೆಯ ಮಂಗಳೂರಲ್ಲಿ ಕೂತು ಎಡಿಟ್ ಮಾಡುತ್ತಾನೆ. ಕಾಸರಗೋಡಿನ ದಿನನಿತ್ಯದ ಬದುಕು, ಅಡಿಕೆ, ಬಸ್ಸು, ಯಕ್ಷಗಾನ, ಮದುವೆಯೂಟ, ಹೀಗೆ. ಒಂದೂವರೆ ವರ್ಷದಲ್ಲಿ 26 ಎಪಿಸೋಡ್ ಆಗಿತ್ತು. ಎಪಿಸೋಡಿಗೆ ಸರಾಸರಿ 40 ಕೇಳುಗರು. ಅದರಲ್ಲಿ ನಾನು, ನನ್ನ ಹೆಂಡತಿ ಮತ್ತು ಗೆಳೆಯನ ಇಬ್ಬರು ತಂಗಿಯಂದಿರೂ ಸೇರಿದ್ದೆವು.

ಸಂಖ್ಯೆ ಏರಿಸಲು ಮಾಡದ ಸರ್ಕಸ್ ಇಲ್ಲ. ಚೆಂಡೆಯ ಸದ್ದಿನ ಒಂದು ನಿಮಿಷದ ಶುರು ಮಾಡಿಸಿದೆವು. ಪ್ರತಿ ಸಲ ಕೊನೆಯಲ್ಲಿ ‘ಲೈಕ್ ಮಾಡಿ, ಶೇರ್ ಮಾಡಿ, ಕಾಮೆಂಟ್ ಹಾಕಿ’ ಅಂತ ಬೇಡಿಕೊಂಡೆವು. ಒಮ್ಮೆ ಎರಡು ಸಾವಿರ ರೂಪಾಯಿ ಕೊಟ್ಟು ಪ್ರಚಾರವನ್ನೂ ಮಾಡಿಸಿದೆವು. ಆ ವಾರ ಮುನ್ನೂರು ಜನ ಬಂದರು. ಎಲ್ಲಿಯವರೋ ಏನೋ, ಅರ್ಧ ನಿಮಿಷದಲ್ಲಿ ಎದ್ದು ಹೋದರು. ಕೇಳುಗರು ಯಾವ ನಿಮಿಷಕ್ಕೆ ಬಿಟ್ಟು ಹೋದರು ಅಂತ ಸ್ಪಾಟಿಫೈ ಒಂದು ಗೆರೆ ಎಳೆದು ತೋರಿಸುತ್ತದೆ. ನಮ್ಮ ಗೆರೆ ಗುಡ್ಡದಿಂದ ಉರುಳಿದ ತೆಂಗಿನಕಾಯಿಯ ಹಾಗಿತ್ತು.

ಪ್ರಶ್ನೆಗಳನ್ನೂ ಕೇಳುತ್ತಿದ್ದೆವು. ‘1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿನಾಡಿನ ಕನ್ನಡದ ಮುಂದಿನ ದಿನಗಳ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ.’ ಒಬ್ಬರೂ ತಿಳಿಸಲಿಲ್ಲ. ಇಂಥ ಪ್ರಶ್ನೆಗೆ ನಾನೇ ಉತ್ತರ ಕೊಡುತ್ತಿರಲಿಲ್ಲ, ಬೇರೆಯವರು ಯಾಕೆ ಕೊಡಬೇಕು ಅಲ್ವಾ?

ಬಸ್ಸಿಳಿದು ಅರ್ಧ ಮೈಲಿ ಗುಡ್ಡ ಹತ್ತಿದೆ. ಮನೆ ಮುಟ್ಟುವಾಗ ಮಳೆ ಮತ್ತೆ ಹಿಡಿಯಿತು. ಜಗಲಿಗೆ ತಗಡಿನ ಮಾಡು. ಅಜ್ಜಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ತಯಾರಾಗಿಯೇ ಕೂತಿದ್ದರು. ಮೈಕು ಸಿಕ್ಕಿಸಿ, ಹೆಡ್‌ಫೋನ್ ಕಿವಿಗಿಟ್ಟೆ. ಯಾರೋ ತಲೆಯ ಮೇಲೆ ಮೂಟೆಗಟ್ಟಲೆ ಅಡಿಕೆ ಸುರಿದ ಹಾಗೆ ಸದ್ದು. ಅಜ್ಜಿಯ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ. ಒಳಗಿನ ಕೋಣೆಯಲ್ಲಿ ಕೂರಿಸಿ ನೋಡಿದೆ. ಅಲ್ಲಿಯೂ ಅದೇ. ‘ಮಳೆ ನಿಲ್ಲಲಿ ಮಾಷ್ಟ್ರೆ’ ಎಂದು ಅಜ್ಜಿ ಮಲಗಿಯೇಬಿಟ್ಟರು.

ಜಗಲಿಯಲ್ಲಿ ಅವರ ಸೊಸೆ, ಅಂದರೆ ನನ್ನ ವಿದ್ಯಾರ್ಥಿನಿಯ ತಾಯಿ, ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಹೊಗೆಸೊಪ್ಪಿನ ಪುಡಿ, ಕತ್ತರಿಸಿದ ಎಲೆ, ನೂಲು. ಪಕ್ಕದಲ್ಲಿ, ಗೋಡೆಗೆ ಒರಗಿಸಿ ಒಂದು ಮೊಬೈಲು. ಅದರಿಂದ ಬರುತ್ತಿದ್ದ ಗಂಡಸಿನ ದನಿ ಎಲ್ಲೋ ಕೇಳಿದ ಹಾಗಿತ್ತು. ನನ್ನದೇ! ಹನ್ನೊಂದನೇ ಎಪಿಸೋಡ್.

‘ಅಕ್ಕಾ, ನೀವು ಇದನ್ನು ಕೇಳ್ತೀರಾ?’

‘ಎಲ್ಲ ಕೇಳಿ ಆಗಿದೆ. ಇದು ಎರಡನೇ ಸಲ.’

ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿಗೆ ನಾನು ಆಡಿಯೋ ಫೈಲನ್ನೇ ಹಾಕುತ್ತಿದ್ದೆ, ಲಿಂಕ್ ಒತ್ತಲು ಮಕ್ಕಳಿಗೆ ಸೋಮಾರಿತನ ಅಂತ. ಮಗಳು ಕಾಲೇಜಿನಿಂದ ಬರುವಾಗ ಉಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಇಳಿಸಿಕೊಂಡು, ಮನೆಗೆ ಬಂದು ಅಮ್ಮನ ಫೋನಿಗೆ ಬ್ಲೂಟೂತಿನಲ್ಲಿ ದಾಟಿಸುತ್ತಿದ್ದಳು. ಅಲ್ಲಿಂದ ಪಕ್ಕದ ಮನೆಯ ಫೋನಿಗೆ. ಮಧ್ಯಾಹ್ನದ ಮೇಲೆ ಮೂರು ನಾಲ್ಕು ಮನೆಯ ಹೆಂಗಸರು ಇದೇ ಜಗಲಿಗೆ ತಡ್ಪೆ ಹಿಡಿದುಕೊಂಡು ಬರುತ್ತಾರಂತೆ. ಒಂದು ಫೋನು, ಐದು ಜನ.

ಕೇಳುಗರ ಲೆಕ್ಕ ತೋರಿಸುವ ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಇವರು ಯಾರೂ ಇಲ್ಲ. ಡೌನ್‌ಲೋಡ್ ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವ ನಿಯಮ ಹೀಗೆ: ಕನಿಷ್ಠ ಒಂದು ನಿಮಿಷದಷ್ಟು ಆಡಿಯೋ ಸರ್ವರಿನಿಂದ ಇಳಿದಿರಬೇಕು, ಅದೇ ಫೋನು 24 ಗಂಟೆಯೊಳಗೆ ಹತ್ತು ಸಲ ಇಳಿಸಿದರೂ ಒಂದೇ ಲೆಕ್ಕ. ಬ್ಲೂಟೂತಿನಲ್ಲಿ ಗುಡ್ಡ ಹತ್ತಿದ ಫೈಲು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಖುಷಿಯಾಗಿ ಕೇಳಿಯೇಬಿಟ್ಟೆ, ‘ಹಾಗಾದ್ರೆ ಒಂದು ಕಾಮೆಂಟ್ ಆದ್ರೂ ಹಾಕಬಹುದಿತ್ತಲ್ಲ ಅಕ್ಕ?’

ಅವರು ಎರಡೂ ಕೈ ಎತ್ತಿ ತೋರಿಸಿದರು. ಬೆರಳ ತುದಿಯೆಲ್ಲ ಕಂದು ಪುಡಿ. ‘ಈ ಕೈಯಲ್ಲಿ ಎಲ್ಲಿ ಹಾಕುದು ಮಾರಾಯ್ರೆ? ನೀವು ಕೇಳಿದ್ದಕ್ಕೆ ನಾವು ಇಲ್ಲೇ ಉತ್ತರ ಹೇಳ್ತೇವೆ. ನಿಮಗೆ ಕೇಳುದಿಲ್ಲ, ಅಷ್ಟೇ.’

ಆಮೇಲೆ ಒಂದೊಂದಾಗಿ ಶುರುವಾಯಿತು. ಚೆಂಡೆ ಜಾಸ್ತಿಯಾಯಿತು, ಮಗು ನಿದ್ರೆಯಿಂದ ಏಳುತ್ತದೆ. ಮೊದಲ ಐದು ನಿಮಿಷ ನೀವು ಮತ್ತು ನಿಮ್ಮ ಗೆಳೆಯ ಸುಮ್ನೆ ನಗಾಡುತ್ತೀರಿ, ಎಂತಕ್ಕೆ ಅಂತ ನಮಗೆ ಗೊತ್ತಾಗುವುದಿಲ್ಲ. ಅದನ್ನು ದಾಟಿಸಿ ಮುಂದೆ ಓಡಿಸುವ ಅಂದರೆ ಕೈ ತೊಳೆಯಬೇಕು. ಕೊನೆಗೆ ಪ್ರಶ್ನೆ ಕೇಳುತ್ತೀರಿ, ಅಷ್ಟೊತ್ತಿಗೆ ಬೀಡಿ ಕಟ್ಟು ಹಾಕಿ, ಅದನ್ನು ಕೊಡುವ ಬ್ರಾಂಚಿಗೆ ಹೊರಡುವ ಗಡಿಬಿಡಿ. ಹಲಸಿನ ಎಪಿಸೋಡಿನಲ್ಲಿ ನೀವು ಬೀಜ ಬೇಯಿಸಿ ಒಣಗಿಸುವ ಸಾಂತಾಣಿಯ ಸುದ್ದಿಯನ್ನೇ ಎತ್ತಲಿಲ್ಲ, ಅದೆಂತ ಹಲಸು?

ದುಡ್ಡು ಕೊಟ್ಟು ಒಂದು ಆನ್‌ಲೈನ್ ಕ್ಲಾಸು ಕೇಳಿದ್ದೆವು ನಾವು. ಮೈಕಿನ ಸುದ್ದಿ, ಕವರ್ ಚಿತ್ರದ ಸುದ್ದಿ, ಬುಧವಾರ ಹಾಕಬೇಕೋ ಶುಕ್ರವಾರ ಹಾಕಬೇಕೋ ಎಂಬ ಸುದ್ದಿ. ಕೇಳುವವರ ಕೈ ಎಲ್ಲಿರುತ್ತದೆ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಕಣ್ಣೂರಿನ ಕಡೆಯ ಮಲಯಾಳಂ ಟೀಚರ್ ನಕ್ಕರು. ಅವರ ಊರಿನ ಬೀಡಿ ಕೆಲಸದ ಕೋಣೆಗಳಲ್ಲಿ ಒಬ್ಬ ಕೂತು ಪೇಪರ್ ಓದಿ ಹೇಳುವ ರೂಢಿ ಮೊದಲಿನಿಂದ ಇತ್ತು. 1969ರಲ್ಲಿ ಕಣ್ಣೂರಿನಲ್ಲಿ ಶುರುವಾದ ದಿನೇಶ್ ಬೀಡಿ ಸಹಕಾರ ಸಂಘದಲ್ಲೂ ಅದು ಮುಂದುವರಿಯಿತು. ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡುತ್ತಿದ್ದರಂತೆ. ಪೇಪರ್ ಓದಿ ಮುಗಿದ ಮೇಲೆ ಜಗಳವೂ ಆಗುತ್ತಿತ್ತಂತೆ. ಪಾಡ್‌ಕಾಸ್ಟ್ ಎಂಬ ಪದ ಹುಟ್ಟಿದ್ದು 2004ರಲ್ಲಿ, ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ. ಕೆಲಸ ಮಾತ್ರ ನಮ್ಮ ಪಕ್ಕದ ಜಿಲ್ಲೆಯಲ್ಲಿ ಅದಕ್ಕಿಂತ ಎಷ್ಟೋ ಮೊದಲು ನಡೆದಿತ್ತು.

ಗೆಳೆಯನ ಜೊತೆ ಆ ರಾತ್ರಿ ಜೋರು ವಾದ ನಡೆಯಿತು. ಚೆಂಡೆ ತೆಗೆಯಲು ಅವನಿಗೆ ಮನಸ್ಸಿರಲಿಲ್ಲ, ಅದು ಅವನ ಅಣ್ಣ ಬಾರಿಸಿದ್ದು. ಕೊನೆಗೆ ನಾಲ್ಕು ಸೆಕೆಂಡಿಗೆ ಒಪ್ಪಿದ. 45 ನಿಮಿಷದ ಮಾತು 20 ನಿಮಿಷಕ್ಕೆ ಇಳಿಯಿತು. ಎಡಬಲಕ್ಕೆ ಬೇರೆ ಬೇರೆ ದನಿಯ ಸ್ಟೀರಿಯೋ ಬಿಟ್ಟು, ಒಂದೇ ದನಿಯ ಮೋನೋ ಮಾಡಿದೆವು, ಅದೂ ಸೆಕೆಂಡಿಗೆ 64 ಕಿಲೋಬಿಟ್‌ನಲ್ಲಿ. 40 ಎಂಬಿ ದಾಟುತ್ತಿದ್ದ ಫೈಲು 10 ಎಂಬಿಯೊಳಗೆ ಬಂತು. ಮಾತಿಗೆ ಅಷ್ಟು ಸಾಕು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಳಿಸಿಕೊಳ್ಳುವ ಹುಡುಗಿಗೆ ಅದು ದೊಡ್ಡ ಸಂಗತಿ.

ಪಾಡ್‌ಕಾಸ್ಟಿಗೆಂದೇ ಒಂದು ಸಿಮ್ ತೆಗೆದುಕೊಂಡೆವು. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಒಂದು ಲಿಸ್ಟಿಗೆ 256 ಜನ ಮಾತ್ರ. ಅದೂ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ಹೋಗುತ್ತದೆ. ಹಾಗಾಗಿ ಲೈಕ್, ಶೇರ್ ಎಲ್ಲ ಬಿಟ್ಟು ಒಂದೇ ಮಾತು ಹೇಳಿದೆವು: ಈ ನಂಬರ್ ಸೇವ್ ಮಾಡಿ, ಬರೆಯುವುದು ಬೇಡ, ವಾಯ್ಸ್ ಮೆಸೇಜ್ ಹಾಕಿ.

ಪ್ರಶ್ನೆ ಶುರುವಿಗೇ ಬಂತು. ‘ಹಲಸಿನ ಬೀಜಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ? ಮಳೆಗಾಲಕ್ಕೆ ಹೇಗೆ ಇಟ್ಟುಕೊಳ್ತೀರಿ?’ ಇಷ್ಟೇ. ಗೆಳೆಯನಿಗೆ ಇದು ಮಕ್ಕಳ ಕ್ವಿಜ್ ಅನ್ನಿಸಿತ್ತು.

ಒಂದು ವಾರದಲ್ಲಿ 31 ವಾಯ್ಸ್ ಮೆಸೇಜ್. ಬೇಳೆ ಅಂದರು ಹವ್ಯಕರ ಮನೆಯವರು. ಪೆಲತ್ತರಿ ಅಂದರು ತುಳುವರು. ಚಕ್ಕಕ್ಕುರು ಅಂತ ಮಲಯಾಳದಲ್ಲೇ ನಾಲ್ಕು ನಿಮಿಷ ಮಾತಾಡಿದರು ಕುಂಬಳೆಯ ಒಬ್ಬರು, ಹಿಂದೆ ಕುಕ್ಕರ್ ಸೀಟಿ ಹಾಕುತ್ತಿತ್ತು. ಮಣ್ಣು ಹಚ್ಚಿ ಮೂಲೆಯಲ್ಲಿ ರಾಶಿ ಹಾಕುತ್ತೇವೆ ಅಂತ ಕೆಲವರು, ಹೊಯಿಗೆಯಲ್ಲಿ, ಅಂದರೆ ಮರಳಲ್ಲಿ, ಹೂಳುತ್ತೇವೆ ಅಂತ ಕೆಲವರು. ಶಾರ್ಜಾದಿಂದ ಒಬ್ಬ ಹುಡುಗ, ಇಲ್ಲಿ ಪ್ಯಾಕೆಟಿನಲ್ಲಿ ಸಿಗುತ್ತದೆ, ಆದರೆ ಅಮ್ಮ ಬೇಯಿಸಿದ ವಾಸನೆ ಬರುವುದಿಲ್ಲ ಅಂದ. ಏಳು ಭಾಷೆಯ ಊರು ಅಂತ ಭಾಷಣಗಳಲ್ಲಿ ಕೇಳಿ ಕೇಳಿ ನನಗೆ ಬೇಜಾರು ಬಂದಿತ್ತು. ಒಂದು ಬೀಜದ ಸುತ್ತ ಅದೇ ಊರು ಮೊದಲ ಸಲ ಕಿವಿಗೆ ಬಿತ್ತು. ಈ ದನಿಗಳನ್ನೇ ಪೋಣಿಸಿ ಮುಂದಿನ ಎಪಿಸೋಡ್ ಮಾಡಿದೆವು. ತಮ್ಮ ದನಿ ಬಂದವರು ಊರಿಗೆಲ್ಲ ಕಳಿಸಿದರು, ಶೇರ್ ಮಾಡಿ ಅಂತ ಬೇಡಬೇಕಾಗಿಯೇ ಬರಲಿಲ್ಲ.

ಡ್ಯಾಶ್‌ಬೋರ್ಡ್? ಅದರಲ್ಲಿ 40 ಇದ್ದದ್ದು 70 ಆಗಿದೆ. ಗೆಳೆಯ ಈಗಲೂ ದಿನಕ್ಕೆರಡು ಸಲ ನೋಡುತ್ತಾನೆ.

ಆ ಎಪಿಸೋಡ್ ಹೋದ ಎರಡನೇ ದಿನ ಬಾಯಾರಿನ ಕಡೆಯಿಂದ ಒಂದು ಮೆಸೇಜ್ ಬಂತು. ಕತ್ತರಿಯ ಸದ್ದು, ಕೋಳಿಯನ್ನು ಓಡಿಸುವ ಸದ್ದು. ಆಮೇಲೆ ಅಕ್ಕನ ದನಿ: ‘ಮಾಷ್ಟ್ರೆ, ಐದು ನಿಮಿಷ ಕಮ್ಮಿ ನಗಾಡಿದ್ದೀರಿ, ಒಳ್ಳೇದಾಯ್ತು. ಅತ್ತೆಗೆ ನಿಮ್ಮತ್ರ ಎಂತದೋ ಹೇಳ್ಲಿಕ್ಕೆ ಉಂಟಂತೆ.’ ಫೋನು ಕೈ ಬದಲಾಯಿತು. ಪಾಡ್ದನ ಇರಬಹುದು ಅಂತ ನಾನು ಕಿವಿಗೆ ಒತ್ತಿ ಹಿಡಿದೆ.

‘ಪೆಲತ್ತರಿ ಪೆಲತ್ತರಿ ಅಂತ ಎಲ್ಲ ಹೇಳ್ತಾರೆ’ ಅಂದರು ಅಜ್ಜಿ, ‘ಗಟ್ಟಿ ತೊಳೆಯ ಬಕ್ಕೆಯದ್ದಾ, ಮೆತ್ತಗಿನ ತುಳುವೆಯದ್ದಾ ಅಂತ ನೀವು ಕೇಳ್ಲೇ ಇಲ್ಲ ಅಲ್ಲವಾ?’