ಉದ್ದ ದಾರಿಯ ಸುಖ ಚೈನ್‌ನಲ್ಲಿದೆ

ಖಾಲಿ ರಸ್ತೆ, ಟಾಪ್ ಗೇರ್. ಥ್ರಾಟಲ್ ಕೂದಲೆಳೆಯಷ್ಟು ತಿರುಗಿಸಿದರೂ ಬೈಕ್ ಚೂರೂ ಕುಲುಕದೆ ಮುಂದಕ್ಕೆ ಸಾಗುತ್ತದಲ್ಲ, ಲಾಂಗ್ ರೈಡ್‌ನ ನಿಜವಾದ ಸುಖ ಅದು. ಥ್ರಾಟಲ್ ಬಿಟ್ಟು ಮತ್ತೆ ಹಿಡಿದಾಗ 'ಟಕ್' ಅಂತ ಜರ್ಕ್ ಹೊಡೆದರೆ ಎಷ್ಟೋ ಜನ ಕ್ಲಚ್ ಮೇಲೋ ಇಂಜಿನ್ ಮೇಲೋ ಅನುಮಾನ ಪಡುತ್ತಾರೆ. ಮೊದಲು ಬಗ್ಗಿ ಚೈನ್ ನೋಡಿ. ತಿಂಗಳುಗಟ್ಟಲೆ ಪ್ಲ್ಯಾನ್ ಮಾಡಿದ ದಾರಿಯನ್ನು ಅರ್ಧಕ್ಕೇ ನಿಲ್ಲಿಸುವ ಶಕ್ತಿ ಅದಕ್ಕಿದೆ.

ಚೈನ್ ಎಷ್ಟು ಲೂಸ್ ಇರಬೇಕು ಅನ್ನುವುದಕ್ಕೆ ಎಲ್ಲ ಬೈಕ್‌ಗೂ ಒಂದೇ ಅಳತೆಯಿಲ್ಲ. ಹೆಚ್ಚಿನ ರಸ್ತೆ ಬೈಕ್‌ಗಳಲ್ಲಿ 20ರಿಂದ 35 ಮಿ.ಮೀ. ಒಳಗೆ ಎಲ್ಲೋ ಒಂದು ಕಡೆ ಇರುತ್ತದೆ, ಸಸ್ಪೆನ್ಷನ್ ಉದ್ದವಿರುವ ಅಡ್ವೆಂಚರ್ ಬೈಕ್‌ಗಳಲ್ಲಿ ಇನ್ನೂ ಜಾಸ್ತಿ. ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿದೆ, ಎಷ್ಟೋ ಬೈಕ್‌ಗಳಲ್ಲಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರ್‌ನಲ್ಲೂ ಇದೆ. ಸೈಡ್ ಸ್ಟ್ಯಾಂಡ್‌ನಲ್ಲಿ ಅಳೆಯಬೇಕೋ ಸೆಂಟರ್ ಸ್ಟ್ಯಾಂಡ್‌ನಲ್ಲೋ ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ, ಅದು ಬದಲಾದರೆ ಅಳತೆಯೂ ಬದಲಾಗುತ್ತದೆ. ಎರಡು ಸ್ಪ್ರಾಕೆಟ್‌ಗಳ (ಚೈನ್ ಕೂರುವ ಹಲ್ಲಿನ ಚಕ್ರಗಳ) ನಡುಮಧ್ಯೆ, ಕೆಳಗಿನ ಸಾಲಿನ ಪಕ್ಕ ಸ್ಕೇಲ್ ಹಿಡಿದು, ಚೈನನ್ನು ಬೆರಳಿನಿಂದ ಕೆಳಕ್ಕೆ ಎಳೆದು, ಮೇಲಕ್ಕೆ ಎತ್ತಿ. ಆ ಎರಡು ಕೊನೆಗಳ ಅಂತರವೇ ನಿಮ್ಮ ಅಳತೆ. ಒಂದೇ ಜಾಗದಲ್ಲಿ ನೋಡಿ ಎದ್ದುಬಿಡಬೇಡಿ. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಅತಿ ಟೈಟ್ ಇರುವ ಜಾಗವನ್ನು ಲೆಕ್ಕಕ್ಕೆ ಹಿಡಿದೇ ಅಡ್ಜಸ್ಟ್ ಮಾಡಬೇಕು.

ಈ ಸಡಿಲಿಕೆ ಯಾಕೆ ಬೇಕು ಅನ್ನುವುದು ಗೊತ್ತಾದರೆ ಯಾರೂ ಚೈನನ್ನು ತಂತಿಯ ಹಾಗೆ ಬಿಗಿದಿಡುವುದಿಲ್ಲ. ಸ್ವಿಂಗ್ ಆರ್ಮ್ ತಿರುಗುವ ಜಾಗ (ಪಿವಟ್) ಮತ್ತು ಮುಂದಿನ ಸ್ಪ್ರಾಕೆಟ್ ಸಾಮಾನ್ಯವಾಗಿ ಒಂದೇ ಬಿಂದುವಿನಲ್ಲಿ ಇರುವುದಿಲ್ಲ, ಸ್ಪ್ರಾಕೆಟ್ ಸ್ವಲ್ಪ ಮುಂದಿರುತ್ತದೆ. ಸಸ್ಪೆನ್ಷನ್ ಕುಗ್ಗಿ ಸ್ಪ್ರಾಕೆಟ್, ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಸ್ಪ್ರಾಕೆಟ್‌ಗಳ ನಡುವಿನ ದೂರ ಅತಿ ಹೆಚ್ಚು, ಚೈನ್ ಅತಿ ಟೈಟ್. ಇಬ್ಬರು ಕೂತು, ಲಗೇಜ್ ಕಟ್ಟಿಕೊಂಡು ಗುಂಡಿಗೆ ಇಳಿದ ಕ್ಷಣ ಅದು. ಆಗ ಚೈನ್‌ನಲ್ಲಿ ಸ್ವಲ್ಪವೂ ಪ್ಲೇ ಉಳಿಯದಿದ್ದರೆ ಆ ಎಳೆತ ನೇರವಾಗಿ ಗೇರ್‌ಬಾಕ್ಸ್‌ನ ಔಟ್‌ಪುಟ್ ಶಾಫ್ಟ್ ಬೇರಿಂಗ್‌ಗೆ, ಹಿಂದಿನ ಹಬ್ ಬೇರಿಂಗ್‌ಗೆ ಬೀಳುತ್ತದೆ. ಮುಂದಿನ ಸ್ಪ್ರಾಕೆಟ್ ಹತ್ತಿರ ಆಯಿಲ್ ಸೋರತೊಡಗಿದರೆ ಇದೂ ಒಂದು ಕಾರಣ ಇರಬಹುದು. ಹಾಗಂತ ಮಿತಿಮೀರಿ ಲೂಸ್ ಬಿಟ್ಟರೆ ಚೈನ್ ಹಲ್ಲು ಹಾರುತ್ತದೆ, ಕಳಚಿ ಹಿಂದಿನ ಚಕ್ರವನ್ನೇ ಲಾಕ್ ಮಾಡಬಹುದು. ಆದರೂ ಕೊಟ್ಟ ಮಿತಿಯೊಳಗೆ ಸಂದೇಹ ಬಂದರೆ ಟೈಟ್‌ಗಿಂತ ಲೂಸ್ ವಾಸಿ.

ಅಡ್ಜಸ್ಟ್ ಮಾಡುವಾಗ ಆಕ್ಸಲ್ ನಟ್ ಲೂಸ್ ಮಾಡಿ, ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಕಾಲು ಸುತ್ತು, ಕಾಲು ಸುತ್ತು ಸಮನಾಗಿ ತಿರುಗಿಸಿ. ಸ್ವಿಂಗ್ ಆರ್ಮ್ ಮೇಲಿನ ಗೆರೆಗಳು ಎರಡೂ ಕಡೆ ಹೊಂದಬೇಕು. ಆ ಗೆರೆಗಳನ್ನೇ ಪೂರ್ತಿ ನಂಬಬೇಡಿ. ಹಿಂದೆ ಕೂತು ಒಂದು ಕಣ್ಣು ಮುಚ್ಚಿ ಚೈನ್ ಉದ್ದಕ್ಕೂ ನೋಡಿ, ವಕ್ರವಿದ್ದರೆ ಕಾಣುತ್ತದೆ. ಇನ್ನೊಂದು ಉಪಾಯ: ನಟ್ ಬಿಗಿಯುವ ಮುಂಚೆ ಮಡಚಿದ ಬಟ್ಟೆಯನ್ನು ಚೈನ್ ಮತ್ತು ಹಿಂದಿನ ಸ್ಪ್ರಾಕೆಟ್ ನಡುವೆ ಇಟ್ಟು ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ಬಟ್ಟೆ ಸಿಕ್ಕಿಕೊಂಡು ಆಕ್ಸಲ್ ಅಡ್ಜಸ್ಟರ್‌ಗೆ ಅಂಟಿ ನಿಲ್ಲುತ್ತದೆ, ಬಿಗಿಯುವಾಗ ಜರುಗುವುದಿಲ್ಲ. ಬಿಗಿದ ಮೇಲೆ ಬಟ್ಟೆ ತೆಗೆದು ಸಡಿಲಿಕೆಯನ್ನು ಮತ್ತೊಮ್ಮೆ ಅಳೆಯಿರಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಚಕ್ರ ಹಿಂದಕ್ಕೆ ಸರಿದಷ್ಟು ಪೆಡಲ್ ಪ್ಲೇ ಕೂಡ ಬದಲಾಗಿರುತ್ತದೆ, ಅದನ್ನೂ ಸರಿಮಾಡಿ.

ಈಗಿನ ಬಹಳಷ್ಟು ಬೈಕ್‌ಗಳಲ್ಲಿರುವುದು ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನ್. ಒಂದು ಕೊಂಡಿಯನ್ನು ಹತ್ತಿರದಿಂದ ನೋಡಿ: ಪಿನ್, ಅದರ ಸುತ್ತ ಬುಷ್, ಅದರ ಮೇಲೆ ರೋಲರ್. ಪಿನ್‌ಗೂ ಬುಷ್‌ಗೂ ನಡುವೆ ಫ್ಯಾಕ್ಟರಿಯಲ್ಲೇ ತುಂಬಿದ ಗ್ರೀಸ್, ಅದು ಹೊರಬರದಂತೆ ಬದಿಯ ಪ್ಲೇಟ್‌ಗಳ ನಡುವೆ ಪುಟ್ಟ ರಬ್ಬರ್ ರಿಂಗ್. ಆ ರಿಂಗ್ ಹೋದರೆ ಗ್ರೀಸ್ ಹೋಯಿತು, ಹೊರಗಿನಿಂದ ಎಷ್ಟು ಎಣ್ಣೆ ಸುರಿದರೂ ಅದು ವಾಪಸ್ ಬರುವುದಿಲ್ಲ. ಪಿನ್ ಪಕ್ಕದಲ್ಲಿ ಕೆಂಪು-ಕಂದು ಪುಡಿ ಕಂಡರೆ ಒಳಗೆ ತುಕ್ಕು ಹಿಡಿದಿದೆ ಅಂತಲೇ ತಿಳಿಯಿರಿ. ಆದ್ದರಿಂದ ಪೆಟ್ರೋಲ್, ತಂತಿ ಬ್ರಷ್, ಪ್ರೆಶರ್ ವಾಷರ್ ಯಾವುದೂ ಬೇಡ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆದು ಬ್ರಷ್, ಒಣ ಬಟ್ಟೆ ಇದ್ದರೆ ಸಾಕು.

ಸವೆತ ನೋಡುವುದು ಸುಲಭ. ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲು ಅರ್ಧದಷ್ಟು ಕಾಣಿಸಿದರೆ ಅದರ ಆಯುಷ್ಯ ಮುಗಿದಿದೆ. ಅಳತೆಯೇ ಬೇಕೆಂದರೆ, 520, 525, 530 ನಂಬರಿನ ಚೈನ್‌ಗಳ ಪಿಚ್, ಅಂದರೆ ಒಂದು ಪಿನ್‌ನಿಂದ ಮುಂದಿನ ಪಿನ್‌ಗಿರುವ ದೂರ, 15.875 ಮಿ.ಮೀ.; ಹೊಸದರಲ್ಲಿ 20 ಕೊಂಡಿ, ಅಂದರೆ ಮೊದಲ ಪಿನ್‌ನಿಂದ 21ನೇ ಪಿನ್‌ವರೆಗೆ, 317.5 ಮಿ.ಮೀ. 428 ಚೈನ್‌ನಲ್ಲಿ ಪಿಚ್ 12.7, ಹಾಗಾಗಿ 254 ಮಿ.ಮೀ. ಚೈನನ್ನು ಬಿಗಿಯಾಗಿ ಎಳೆದು ಅಳೆಯಿರಿ. ಶೇ. 1ರಿಂದ 2ರಷ್ಟು ಉದ್ದವಾಗಿದ್ದರೆ ಬದಲಿಸುವ ಕಾಲ ಬಂದಿದೆ. ಇಲ್ಲಿ ಉಕ್ಕು ಹಿಗ್ಗಿರುವುದಿಲ್ಲ, ಪಿನ್ ಮತ್ತು ಬುಷ್ ಸವೆದಿರುತ್ತವೆ. ಬದಲಿಸುವಾಗ ಎರಡೂ ಸ್ಪ್ರಾಕೆಟ್ ಸೇರಿಸಿ ಪೂರ್ತಿ ಸೆಟ್ ಹಾಕಿ. ಹಳೆ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಕ್ಲಿಪ್ ಲಾಕ್ (ಚೈನ್‌ನ ಎರಡು ತುದಿ ಜೋಡಿಸುವ ಕೊಂಡಿ) ಇರುವ ಚೈನ್ ಆದರೆ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲೇಬೇಕು. ಅದೇ ಅಳತೆಯ ಒಂದು ಸ್ಪೇರ್ ಲಾಕ್ ಟೂಲ್ ಕಿಟ್‌ನಲ್ಲಿರಲಿ, ತೂಕವೇನೂ ಇಲ್ಲ.

ಎಣ್ಣೆ ಹಾಕಬೇಕಾದ್ದು ಬೆಳಗ್ಗೆ ಹೊರಡುವ ಮುಂಚೆ ಅಲ್ಲ, ರಾತ್ರಿ ತಂಗುವಲ್ಲಿ ಬೈಕ್ ನಿಲ್ಲಿಸಿದ ಮೇಲೆ. ಚೈನ್ ಬೆಚ್ಚಗಿರುವಾಗ ಎಣ್ಣೆ ಚೆನ್ನಾಗಿ ಒಳಗೆ ಹರಿಯುತ್ತದೆ, ಬೆಳಗಾಗುವಷ್ಟರಲ್ಲಿ ಕೂತುಕೊಳ್ಳುತ್ತದೆ. ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದ್ದರೆ ಅದೇ ದಿನ. ಇಂಜಿನ್ ಆಫ್, ಗೇರ್ ನ್ಯೂಟ್ರಲ್, ಚಕ್ರ ಕೈಯಲ್ಲೇ ತಿರುಗಬೇಕು. ಇಂಜಿನ್ ಓಡಿಸಿಕೊಂಡು ಈ ಕೆಲಸ ಮಾಡಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಚೈನ್ ಲ್ಯೂಬ್ ಅಥವಾ ಮ್ಯಾನ್ಯುಯಲ್ ಒಪ್ಪುವ ಗೇರ್ ಆಯಿಲನ್ನು ಕೆಳಗಿನ ಸಾಲಿನ ಒಳಬದಿಗೆ ಹಾಕಿ, ಚಕ್ರ ತಿರುಗಿದಾಗ ಅದು ತಾನಾಗಿ ಹೊರಕ್ಕೆ ಹರಡುತ್ತದೆ. ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ, ಟೈರ್ ಮೇಲೆ ಒಂದು ಹನಿಯೂ ಬಿದ್ದಿಲ್ಲ ಅಂತ ನೋಡಿ, ಆಮೇಲೆ ಲಗೇಜ್ ಬಿಚ್ಚಿ.